ಅಜ್ಜನ ಕಾಲದ ಕೇಪಿನ ಕೋವಿ: ಶುಚಿಗೊಳಿಸುವುದು ಹೇಗೆ, ಹಾರಿಸಬಹುದೇ?

ಪ್ರಶ್ನೆ – ಬದಿಯಡ್ಕದ ಕೃಷಿಕ

ನಮ್ಮದು ಬದಿಯಡ್ಕದಿಂದ ಒಳಗೆ ಅಡಿಕೆ ತೋಟದ ನಡುವಿನ ಹಳೆಯ ಮನೆ. ಅಜ್ಜ ಬೆಳೆ ರಕ್ಷಣೆಗೆಂದು ಇಟ್ಟುಕೊಂಡಿದ್ದ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ (ಬಡಿದಾಗ ಸಿಡಿದು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ತಾಮ್ರದ ಟೋಪಿಯ) ಕೋವಿಯೊಂದು ತಂದೆಯವರ ಪಾಲಿಗೆ ಬಂದಿದೆ. ಪರವಾನಗಿ ತಂದೆಯವರ ಹೆಸರಿನಲ್ಲಿದ್ದು ನವೀಕರಣ ಒಮ್ಮೆಯೂ ತಪ್ಪಿಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಮರಳಿ ತರುವುದೂ ಕ್ರಮವಾಗಿ ನಡೆದಿದೆ. ಆದರೆ ಅದರಿಂದ ಈಡು ಹೊಡೆದದ್ದನ್ನು ನಾನು ಕಂಡಿಲ್ಲ. ತಂದೆಯವರಿಗೆ ಎಪ್ಪತ್ತು ವರ್ಷ ದಾಟಿರುವುದರಿಂದ ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಅವರ ಒತ್ತಾಯ.

ನಳಿಗೆ ಉದ್ದವಾಗಿದ್ದು, ಅದನ್ನು ಮೂರು ಕಬ್ಬಿಣದ ಪಟ್ಟಿಗಳಿಂದ ಮರಕ್ಕೆ ಬಿಗಿಯಲಾಗಿದೆ. ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆಯ) ಪಕ್ಕದ ತಗಡಿನ ಮೇಲೆ ಕಿರೀಟದ ಗುರುತು ಮತ್ತು ‘ಟವರ್’ ಎಂಬ ಇಂಗ್ಲಿಷ್ ಅಕ್ಷರಗಳು ಸವೆದಿದ್ದರೂ ಓದಲು ಬರುತ್ತವೆ. ಟಾರ್ಚ್ ಬಿಟ್ಟು ನೋಡಿದರೆ ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ತಿರುಪು ಗೀರುಗಳು ಕಾಣುವುದಿಲ್ಲ. ಹೊರಗೆಲ್ಲ ಕಂದು ಬಣ್ಣ ಹಿಡಿದಿದೆ, ಕೆಲವೆಡೆ ಕೆಂಪು ತುಕ್ಕಿದೆ, ಕೇಪು ಕೂರಿಸುವ ನಿಪ್ಪಲಿನ ತೂತು ಮುಚ್ಚಿಹೋಗಿದೆ. ಇದು ಯಾವ ಕಾಲದ್ದಿರಬಹುದು, ಮರಳು ಕಾಗದದಿಂದ ತಿಕ್ಕಿ ಹೊಳಪು ಬರಿಸಬಹುದೇ, ಒಮ್ಮೆಯಾದರೂ ಹಾರಿಸಿ ನೋಡುವುದು ಸಾಧ್ಯವೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ – ಅಡೂರಿನ ತೋಟಗಾರ

ಉಳಿದ ಪ್ರಶ್ನೆಗಳಿಗೆ ಇತರರು ಉತ್ತರಿಸಲಿ. ನೀವು ಟಾರ್ಚ್ ಬಿಟ್ಟು ನಳಿಗೆಯೊಳಗೆ ನೋಡಿದ್ದಾಗಿ ಬರೆದದ್ದನ್ನು ಓದಿ ನನಗೆ ಗಾಬರಿಯಾಯಿತು. ದಯವಿಟ್ಟು ಇನ್ನು ಮುಂದೆ ಬಾಯಿಯ ಕಡೆ ಮುಖ ತರಬೇಡಿ. ಹಿಂದಿನವರು ಹಂದಿ ಬಂದೀತೆಂದು ರಾತ್ರಿ ಮದ್ದು ತುಂಬಿಸಿ, ಹಂದಿ ಬಾರದಿದ್ದರೆ ಕೇಪನ್ನು ಮಾತ್ರ ತೆಗೆದು ಕೋವಿಯನ್ನು ಹಾಗೆಯೇ ಗೋಡೆಗೆ ತೂಗುಹಾಕುವುದು ವಾಡಿಕೆಯಾಗಿತ್ತು. ತೋಟೆ ಕೋವಿಯನ್ನು ಮಡಚಿ ನೋಡಿದ ಹಾಗೆ ಇದನ್ನು ನೋಡಲು ಬರುವುದಿಲ್ಲ. ಒಳಗೆ ಒಣಗಿಯೇ ಉಳಿದ ಕರಿಮದ್ದು ನೂರು ವರ್ಷ ಕಳೆದರೂ ಹೊತ್ತಿಕೊಳ್ಳುವ ಗುಣವನ್ನು ಕಳೆದುಕೊಳ್ಳುವುದಿಲ್ಲ.

ಪರೀಕ್ಷೆ ಸುಲಭ. ತಂದೆಯವರ ಎದುರಿನಲ್ಲಿಯೇ, ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ಓರೆಯಾಗಿ ಹಿಡಿದು, ನಿಪ್ಪಲಿನ ಮೇಲೆ ಕೇಪು ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಮರದ ಸಪೂರ ಕೋಲೊಂದನ್ನು ನಿಧಾನವಾಗಿ ಒಳಗೆ ಇಳಿಸಿ. ಕೋಲು ನಿಂತಲ್ಲಿ, ಬಾಯಿಯ ಅಂಚಿಗೆ ಸರಿಯಾಗಿ ಪೆನ್ಸಿಲಿನಿಂದ ಗುರುತು ಹಾಕಿ ಹೊರತೆಗೆದು, ಅದೇ ಗುರುತನ್ನು ಬಾಯಿಯ ಅಂಚಿಗೆ ಸೇರಿಸಿ ನಳಿಗೆಯ ಹೊರಮೈಗೆ ಹಿಡಿಯಿರಿ. ಕೋಲಿನ ತುದಿ ಹೆಚ್ಚುಕಡಿಮೆ ನಿಪ್ಪಲಿನ ಬುಡದವರೆಗೆ ಬಂದರೆ ನಳಿಗೆ ಬರಿದಾಗಿದೆ ಎಂದರ್ಥ. ಎರಡು ಮೂರು ಬೆರಳಿನಷ್ಟು ಮೊದಲೇ ನಿಂತರೆ ಒಳಗೆ ಏನೋ ಇದೆ. ಅದು ಕಣಜ ಕಟ್ಟಿದ ಮಣ್ಣಿನ ಗೂಡೂ ಆಗಿರಬಹುದು, ಆದರೆ ಮದ್ದೆಂದೇ ತಿಳಿದು ನಡೆದುಕೊಳ್ಳಬೇಕು. ಕೋಲಿನಿಂದ ಕುಟ್ಟಬಾರದು, ಬಿಸಿ ತಾಗಿಸಬಾರದು, ಬಾಯಿಯಿಂದ ಊದಬಾರದು. ನಿಪ್ಪಲಿನ ಕಡೆಯಿಂದಲೂ ನಳಿಗೆಯ ಬಾಯಿಯಿಂದಲೂ ನೀರು ಹನಿಸಿ ನೆನೆಯಲು ಬಿಟ್ಟರೆ ಮದ್ದಿನಲ್ಲಿರುವ ಪೆಟ್ಲುಪ್ಪು ಕರಗಿ ಅದರ ಶಕ್ತಿ ಕುಂದುತ್ತದೆ. ಆದರೂ ಎಣ್ಣೆ ಹಿಡಿದ ಬಿರಡೆಯೊಂದು ನಡುವೆ ಇದ್ದರೆ ನೀರು ಮದ್ದಿಗೆ ತಲುಪದೆ ಹೋದೀತು. ಆದ್ದರಿಂದ ಬಿರಡೆ ಕೀಳುವ ಕೆಲಸವನ್ನು ಪರವಾನಗಿಯುಳ್ಳ ಕೋವಿ ಅಂಗಡಿಯ ಕುಶಲಕರ್ಮಿಗೆ ಬಿಡುವುದೇ ಸರಿ.

ಉತ್ತರ – ಮಂಜೇಶ್ವರದ ಹಳೆಕೋವಿ ಆಸಕ್ತ

ಅಡೂರಿನವರು ಹೇಳಿದ್ದನ್ನು ಮೊದಲು ಮಾಡಿ, ಆಮೇಲೆ ಇದನ್ನು ಓದಿ.

ಮೂರು ಪಟ್ಟಿ, ಕಿರೀಟ, ‘ಟವರ್’ ಎಂಬ ಮೂರನ್ನೂ ಒಟ್ಟಿಗೆ ನೋಡಿದರೆ ಇದು ಬ್ರಿಟಿಷ್ ಸೇನೆಯ 1853ರ ಎನ್‌ಫೀಲ್ಡ್ ಮಾದರಿಯ ಕುಟುಂಬಕ್ಕೆ ಸೇರಿದ್ದಿರಬಹುದು. ಮೂಲ ಎನ್‌ಫೀಲ್ಡ್ ರೈಫಲಿನ ನಳಿಗೆ 39 ಇಂಚು ಉದ್ದ, ಒಳವ್ಯಾಸ .577 ಇಂಚು, ಒಳಗೆ ಮೂರು ತಿರುಪು ಗೀರುಗಳು. ನಿಮ್ಮದರಲ್ಲಿ ಗೀರುಗಳಿಲ್ಲ ಎಂಬುದರಿಂದ ಅದು ನಕಲಿ ಎಂದು ತೀರ್ಮಾನಿಸಬೇಕಾಗಿಲ್ಲ. 1857ರ ದಂಗೆಯ ನಂತರ ಭಾರತೀಯ ಸಿಪಾಯಿಗಳ ಕೈಗೆ ರೈಫಲು ಕೊಡಲು ಬ್ರಿಟಿಷ್ ಸರಕಾರ ಹಿಂಜರಿದು, ಹೊರನೋಟಕ್ಕೆ ಎನ್‌ಫೀಲ್ಡ್‌ನಂತೆಯೇ ಕಾಣುವ, ಒಳಗೆ ನುಣುಪಾದ, ಸುಮಾರು .65 ಇಂಚು ವ್ಯಾಸದ ಮಸ್ಕೆಟುಗಳನ್ನು ಅವರಿಗಾಗಿ ಮಾಡಿಸಿತು. ಅವುಗಳಲ್ಲಿ ದೂರಕ್ಕೆ ತಕ್ಕಂತೆ ಎತ್ತಿ ಇಳಿಸುವ ಏಣಿಯಂಥ ಹಿಂಗುರಿಯ (ಗುರಿ ಹಿಡಿಯಲು ನಳಿಗೆಯ ಹಿಂಬದಿಯಲ್ಲಿರುವ ತುಂಡಿನ) ಬದಲು ಕದಲದ ಸಣ್ಣ ಕಬ್ಬಿಣದ ತುಂಡೊಂದೇ ಇರುತ್ತದೆ. ನಿಮ್ಮ ಕೋವಿಯ ಹಿಂಗುರಿ ಹೇಗಿದೆ ಮತ್ತು ಬಾಯಿಯ ಬಳಿ ನಳಿಗೆಯ ದಪ್ಪ ಎಷ್ಟಿದೆ ಎಂದು ನೋಡಿ. ರೈಫಲಿನ ನಳಿಗೆಯನ್ನು ಒಳಗಿನಿಂದ ಕೊರೆದು ಅಗಲಿಸಿದ್ದಾದರೆ ಗೋಡೆ ತೆಳುವಾಗಿಯೇ ಇರುತ್ತದೆ. ಹಾರಿಸುವ ಪ್ರಶ್ನೆ ಬಂದಾಗ ಈ ದಪ್ಪವೇ ಮುಖ್ಯವಾಗುತ್ತದೆ.

ಹಾಗೆಂದು ‘ಟವರ್’ ಎಂಬ ಮುದ್ರೆಯೊಂದನ್ನೇ ನಂಬಿ ಕೂರುವಂತಿಲ್ಲ. ವಾಯವ್ಯ ಗಡಿಯ ಖೈಬರ್ ಕಡೆಯ ಕುಶಲಕರ್ಮಿಗಳು ಇಂಗ್ಲಿಷ್ ಓದಲು ಬಾರದೆಯೇ ಆ ಮುದ್ರೆಗಳನ್ನು ನೋಡಿ ಕೆತ್ತಿದ ಕೋವಿಗಳು ಬಹಳಷ್ಟಿವೆ. ಅಂಥವುಗಳಲ್ಲಿ ಅಕ್ಷರಗಳು ಮಗುಚಿರುತ್ತವೆ, ಕಿರೀಟ ಸೊಟ್ಟಗಿರುತ್ತದೆ. ಬಿಹಾರದ ಮುಂಗೇರಿನಲ್ಲಿಯೂ ಕೋವಿ ತಯಾರಿಕೆ ಹಳೆಯ ಕಸುಬು. ಒಂದರ ನಳಿಗೆಯನ್ನು ಇನ್ನೊಂದರ ಕುದುರೆಗೆ ಸೇರಿಸಿ, ಊರಿನ ಆಚಾರಿಯಿಂದ ಬೀಟಿಯ ಹಿಡಿ ಮಾಡಿಸಿದ ಕೋವಿಗಳು ನಮ್ಮ ಕಡೆಯ ಮನೆಗಳಲ್ಲಿ ಇವೆ. ಅಂಥ ಜೋಡಣೆಯನ್ನು ಕೀಳೆಂದು ನಾನು ಭಾವಿಸುವುದಿಲ್ಲ. ಯಾವ ಭಾಗ ಎಲ್ಲಿಯದು ಎಂಬುದನ್ನು ಬರೆದಿಟ್ಟುಕೊಂಡರೆ ಅದೇ ಆ ಕೋವಿಯ ಚರಿತ್ರೆ. ನಳಿಗೆಯನ್ನು ಮರದಿಂದ ಬಿಡಿಸಿದಾಗ ಅದರ ತಳದಲ್ಲಿ, ಮರದಡಿ ಮರೆಯಾಗಿರುವ ಜಾಗದಲ್ಲಿ ಮುದ್ರೆಗಳನ್ನು ಹುಡುಕಿ. 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹದಲ್ಲಿ ಖಾಸಗಿ ಕೋವಿಗಳಿಗೆ, ಹೆಚ್ಚು ಮದ್ದು ತುಂಬಿಸಿ ಹಾರಿಸಿ ನೋಡಿದ ಬಳಿಕ, ಅಡ್ಡಲಾಗಿ ಇಟ್ಟ ಎರಡು ರಾಜದಂಡ ಮತ್ತು ಕಿರೀಟದ ಮುದ್ರೆ ಒತ್ತುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳ ಮೇಲೆ ಹೃದಯದಾಕಾರದ ಗುರುತು, 19ನೇ ಶತಮಾನದಲ್ಲಿ ನಿಂತ ಸಿಂಹದ ಗುರುತು ಇರುತ್ತಿತ್ತು.

ಮರಳು ಕಾಗದದ ಮಾತು ಬೇಡವೇ ಬೇಡ. ಹೊರಮೈಯ ಆ ಕಂದು ಬಣ್ಣ ನಿಂತುಹೋದ ಹಳೆಯ ತುಕ್ಕು. ಅದು ಲೋಹವನ್ನು ತಿನ್ನುವುದಿಲ್ಲ, ಬದಲಾಗಿ ಕಾಯುತ್ತದೆ, ಮುದ್ರೆಗಳ ಅಂಚು ಉಳಿದಿರುವುದೂ ಅದರ ಅಡಿಯಲ್ಲಿಯೇ. ಒಮ್ಮೆ ತಿಕ್ಕಿ ತೆಗೆದರೆ ಆ ಬಣ್ಣ ನಿಮ್ಮ ಆಯುಷ್ಯದಲ್ಲಿ ಮರಳಿ ಬಾರದು, ಸಂಗ್ರಾಹಕರ ದೃಷ್ಟಿಯಲ್ಲಿ ಕೋವಿಯ ಬೆಲೆಯೂ ಅಲ್ಲಿಗೆ ಮುಗಿಯಿತು. ನಿಮ್ಮ ಶತ್ರು ಕೈಗೆ ಪುಡಿಯಾಗಿ ಅಂಟುವ ಕೆಂಪು ತುಕ್ಕು ಮಾತ್ರ. ಆ ಜಾಗಕ್ಕೆ ತೆಳುವಾದ ಎಣ್ಣೆ ಹಚ್ಚಿ ಒಂದೆರಡು ದಿನ ಬಿಟ್ಟು, ನಾಲ್ಕು ಸೊನ್ನೆಯ ಅತಿ ಸಣ್ಣ ಉಕ್ಕಿನ ಉಣ್ಣೆಯಿಂದ ಎಣ್ಣೆಯ ಮೇಲೆಯೇ ಮೆಲ್ಲನೆ ಉಜ್ಜಿ, ಕೆಂಪು ಹೋಗಿ ಕಂದು ಕಂಡ ಕೂಡಲೇ ನಿಲ್ಲಿಸಿ. ತಿರುಪುಗಳ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ತಿರುಪುಗಳನ್ನು ಮುಟ್ಟಲೇಬೇಡಿ. ಹಳೆಯ ಕೋವಿಗಳಲ್ಲಿ ಅತಿ ಹೆಚ್ಚು ಕೆಟ್ಟಿರುವುದು ಅವುಗಳ ತಲೆಗಳೇ. ನಿಪ್ಪಲನ್ನು ಬಿಚ್ಚುವ ಮೊದಲು ಕೆಲವು ದಿನ ಎಣ್ಣೆ ಇಳಿಯಲು ಬಿಡಬೇಕು, ಅದಕ್ಕೆಂದೇ ಇರುವ ಕೀಲಿಯಿಂದ ತಿರುಗಿಸಬೇಕು. ನಳಿಗೆಯ ಹಿಂಬದಿ ಮುಚ್ಚಿರುವ ದಪ್ಪ ತಿರುಪನ್ನು ಬಿಚ್ಚುವ ಆಸೆ ಯಾರಿಗೂ ಬಾರದಿರಲಿ.

ಮರಕ್ಕೆ ವಾರ್ನಿಷ್ ಬಳಿಯಬೇಡಿ. ಹಸಿ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿ, ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ಬಿಸಿಯಾಗುವಷ್ಟು ಉಜ್ಜಿ ತೆಳುವಾಗಿ ಹಚ್ಚಿದರೆ ಸಾಕು. ನಮ್ಮ ಮನೆಗಳಲ್ಲಿ ಕಬ್ಬಿಣಕ್ಕೂ ತೆಂಗಿನೆಣ್ಣೆ ಹಚ್ಚುವ ಅಭ್ಯಾಸವಿದೆ. ದಿನನಿತ್ಯ ಬಳಸುವ ಕತ್ತಿಗೆ ಅದು ಸಾಲುತ್ತದೆ. ತಿಂಗಳುಗಟ್ಟಲೆ ಮುಟ್ಟದೆ ಇಡುವ ಕೋವಿಗೆ ಸಾಲದು, ಏಕೆಂದರೆ ಹಳತಾದ ಸಸ್ಯದೆಣ್ಣೆಯಲ್ಲಿ ಹುಳಿ ಹುಟ್ಟಿ ಅದೇ ತುಕ್ಕಿಗೆ ದಾರಿಯಾಗುತ್ತದೆ. ಇಡುವುದಕ್ಕೆ ಖನಿಜ ಎಣ್ಣೆಯೇ ಬೇಕು. ಚರ್ಮದ ಅಥವಾ ಬಟ್ಟೆಯ ಚೀಲದೊಳಗೆ ಮುಚ್ಚಿಟ್ಟರೆ ಆಟಿ ತಿಂಗಳ ಮಳೆಯಲ್ಲಿ ಅದು ತೇವ ಹೀರಿ ನಳಿಗೆಗೇ ಉಣಿಸುತ್ತದೆ. ಗಾಳಿಯಾಡುವ, ಬೀಗ ಹಾಕಿದ ಮರದ ಕಪಾಟಿನಲ್ಲಿ ಬಾಯಿ ಕೆಳಮುಖವಾಗಿ ನಿಲ್ಲಿಸಿಟ್ಟರೆ ಹೆಚ್ಚಾದ ಎಣ್ಣೆ ಹಿಡಿಯ ಮರಕ್ಕೆ ಇಳಿಯದೆ ಹೊರಗೆ ಹರಿಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆರೆದು ನೋಡಿ.

ಉತ್ತರ – ಕಾಸರಗೋಡಿನ ವಕೀಲ

ಕಾನೂನಿನ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮಿನಲ್ಲಿಯೇ ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಗೆ ಪರವಾನಗಿ ನೀಡುವ ಪ್ರಸ್ತಾಪವಿದೆ. ನಿಮ್ಮ ಅಜ್ಜನವರ ಪರವಾನಗಿಯೂ ಆ ಬಗೆಯದ್ದೇ ಇರಬಹುದು. ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು 25 ವರ್ಷ ಕೋವಿ ಇಟ್ಟುಕೊಂಡಾಗ, ಅವರು ಬದುಕಿರುವಾಗಲೇ ಉತ್ತರಾಧಿಕಾರಿಯ ಹೆಸರಿಗೆ ಪರವಾನಗಿ ಕೋರಲು 2016ರ ನಿಯಮಗಳಲ್ಲಿ ಅವಕಾಶವಿದೆ. ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನು ಈಗಲೇ ಸಿದ್ಧಪಡಿಸಿಟ್ಟುಕೊಳ್ಳಿ, ಏಕೆಂದರೆ ಪಾಲುಪಟ್ಟಿಯಾದ ಮನೆಗಳಲ್ಲಿ ಕಡತ ನಿಲ್ಲುವುದು ಅಲ್ಲಿಯೇ. ಅರ್ಜಿ ವಿದ್ಯಾನಗರದ ಕಲೆಕ್ಟರೇಟಿಗೆ ಹೋಗುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದವೂ ಈ ಲೆಕ್ಕಕ್ಕೆ ಸೇರುತ್ತವೆ. ಸಂಗ್ರಹದ ಹವ್ಯಾಸವುಳ್ಳವರು ಇದನ್ನು ಗಮನಿಸಬೇಕು.

ಪುರಾತನ ಕೋವಿಗೆ ಪರವಾನಗಿಯೇ ಬೇಡವೆಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಕಾಯಿದೆಯ 45ನೇ ಕಲಮಿನ ವಿನಾಯಿತಿ ಇರುವುದು, ದುರಸ್ತಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಬಾರದಂಥ ಹಳೆಯ ಕೋವಿಗಳಿಗೆ ಮಾತ್ರ. ನಿಪ್ಪಲು ಬದಲಿಸಿದರೆ ಹಾರುವ ಕೋವಿ ಆ ವಿನಾಯಿತಿಯೊಳಗೆ ಬರುವುದಿಲ್ಲ. ಹಾಗೆಯೇ ಗಡಿಯಾಚೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ತೋರಿಸಿ ಗಡಿಯ ಪಾಣತ್ತೂರಿನ ಈಚೆಗೆ ವಾದಿಸುವಂತಿಲ್ಲ. ಮದುವೆ, ಗೃಹಪ್ರವೇಶ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪರವಾನಗಿ ನಿಮ್ಮ ಹೆಸರಿಗೆ ಬರುವ ತನಕ ಕೋವಿಯನ್ನು ಮನೆಯಿಂದ ಹೊರಗೆ ಒಯ್ಯುವುದು ತಂದೆಯವರೇ ಆಗಿರಲಿ.

ಮತ್ತೆ ಕೇಳಿದ್ದು – ಬದಿಯಡ್ಕದ ಕೃಷಿಕ

ಎಲ್ಲರಿಗೂ ಕೃತಜ್ಞತೆಗಳು. ಕೋಲು ಮೂರು ಬೆರಳಿನಷ್ಟು ಮೊದಲೇ ನಿಂತಿತು. ತಂದೆಯವರು ಪರವಾನಗಿ ಪುಸ್ತಕದೊಂದಿಗೆ ಕೋವಿಯನ್ನು ಅಂಗಡಿಗೆ ಒಯ್ದರು. ಅಲ್ಲಿನ ಕುಶಲಕರ್ಮಿ ನೀರಿನಲ್ಲಿ ನೆನೆಸಿ, ಗಜದ (ಮದ್ದು ಒತ್ತಿ ತುಂಬುವ ಉದ್ದ ಕೋಲಿನ) ತುದಿಗೆ ಸುರುಳಿ ತಿರುಪನ್ನು ಜೋಡಿಸಿ ಮೊದಲು ತೆಂಗಿನ ನಾರಿನ ಬಿರಡೆಯನ್ನೂ, ಆಮೇಲೆ ಚರೆಯನ್ನೂ (ಸಣ್ಣ ಗುಂಡುಗಳನ್ನು), ಮತ್ತೊಂದು ಬಿರಡೆಯನ್ನೂ, ಕೊನೆಗೆ ಗಟ್ಟಿಯಾದ ಕರಿಮದ್ದನ್ನೂ ಹೊರತೆಗೆದರು. ಮನೆಯ ಮಕ್ಕಳೆಲ್ಲ ಎತ್ತಿ ಆಡಿದ್ದ ಕೋವಿ ಇದು. ಅಡೂರಿನ ಅಣ್ಣನವರಿಗೆ ನಮ್ಮ ಮನೆಯವರೆಲ್ಲರ ಪರವಾಗಿ ವಿಶೇಷವಾದ ನಮಸ್ಕಾರಗಳು.

ಹಿಂಗುರಿ ಕದಲದ ತುಂಡೇ ಆಗಿದೆ. ನಿಪ್ಪಲು ಬದಲಿಸಲಾಗಿದೆ. ಇನ್ನು ಹಾರಿಸುವ ವಿಷಯದಲ್ಲಿ ತಿಳಿದವರು ಹೇಳಬೇಕು. ಪಂಚಾಯತಿನ ಅನುಮತಿಯೊಂದಿಗೆ ಹಂದಿಗೆ ಇದನ್ನು ಬಳಸಬಹುದೇ ಎಂಬ ಪ್ರಶ್ನೆಯೂ ಇದೆ.

ಉತ್ತರ – ನಿವೃತ್ತ ಸುಬೇದಾರ್, ಮುಳ್ಳೇರಿಯ

ಹಂದಿಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. 2022ರ ಮೇ ತಿಂಗಳಿನಿಂದ ಕೇರಳದಲ್ಲಿ ಬೆಳೆ ನಾಶ ಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ದೊರೆತಿದೆ. ಆದರೆ ಆ ಕೆಲಸ ಪಟ್ಟಿಯಲ್ಲಿ ಹೆಸರಿರುವ ಪರವಾನಗಿದಾರರದ್ದು. ಅದೂ ಅಲ್ಲದೆ, ಒಂದೇ ಈಡಿನ ಕೋವಿಯಿಂದ ಚರೆ ಹಾರಿಸಿ ಹಂದಿಯನ್ನು ಗಾಯಗೊಳಿಸಿದರೆ ಮರುಈಡಿಗೆ ಮದ್ದು ತುಂಬಿಸುವಷ್ಟರಲ್ಲಿ ಅದು ನಿಮ್ಮ ಮೇಲೆಯೇ ತಿರುಗಿರುತ್ತದೆ, ಇಲ್ಲವೇ ಪೊದೆಯೊಳಗೆ ನರಳಿ ಸಾಯುತ್ತದೆ. ಈ ಕೋವಿಯನ್ನು ಆ ಕೆಲಸಕ್ಕೆ ಬಳಸಕೂಡದೆಂಬುದು ನನ್ನ ಖಚಿತ ಅಭಿಪ್ರಾಯ.

ಗುರಿ ಹೊಡೆಯುವ ಆಸಕ್ತಿಯಿಂದ ಹಾರಿಸುವುದು ಬೇರೆಯೇ ವಿಷಯ. ಅದು ಜಗತ್ತಿನಾದ್ಯಂತ ಗೌರವದಿಂದ ನಡೆಯುವ ಕ್ರೀಡೆ. 1971ರಿಂದ ಇರುವ ಅಂತರರಾಷ್ಟ್ರೀಯ ಸಮಿತಿಯೊಂದು ಇದಕ್ಕೆ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತದೆ. 30 ನಿಮಿಷಗಳಲ್ಲಿ 13 ಈಡು ಹೊಡೆದು, ಅವುಗಳಲ್ಲಿ ಉತ್ತಮವಾದ 10ನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಈಡೊಂದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಸಮಯ ಕೊಟ್ಟಿರುವುದರಲ್ಲಿಯೇ ಈ ಕೋವಿಯ ಸ್ವಭಾವ ತಿಳಿಯುತ್ತದೆ. ಅವಸರ ಮಾಡುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಆದರೆ ಹಾರಿಸುವ ಸ್ಥಳ ನಿಮ್ಮ ತೋಟವಲ್ಲ. ಅನುಮತಿಯುಳ್ಳ ಶೂಟಿಂಗ್ ರೇಂಜು, ಅದೂ ಅಲ್ಲಿನವರು ಕರಿಮದ್ದಿನ ಕೋವಿಯನ್ನು ಒಪ್ಪಿದರೆ ಮಾತ್ರ.

ನಿಮ್ಮ ನಳಿಗೆಯನ್ನು ನೋಡದೆ ಹಾರಿಸಿ ಎಂದು ಯಾರೂ ಹೇಳಲಾರರು. ಒಳಗೆ ಹೊಂಡ ಬಿದ್ದಿದೆಯೇ, ಎಲ್ಲಾದರೂ ಉಬ್ಬಿದೆಯೇ, ನಿಪ್ಪಲಿನ ಬುಡದ ತಿರುಪು ಸವೆದಿದೆಯೇ ಎಂಬುದನ್ನು ಕುಶಲಕರ್ಮಿಯೇ ಪರೀಕ್ಷಿಸಬೇಕು. ಅಷ್ಟು ವರ್ಷ ಮದ್ದು ಒಳಗೆಯೇ ಇತ್ತೆಂದರೆ ಹೊಂಡವಿರುವ ಸಾಧ್ಯತೆ ಅದೇ ಬುಡದಲ್ಲಿ ಹೆಚ್ಚು, ಒತ್ತಡ ಅತಿ ಹೆಚ್ಚಾಗುವುದೂ ಅಲ್ಲಿಯೇ. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿದಾಗ ಬೆರಳಿನ ಒತ್ತಡಕ್ಕೆ ಜಾರುವಂತಿದ್ದರೆ ಆ ಕೋವಿ ಗೋಡೆಯ ಮೇಲೆಯೇ ಇರಲಿ. ನಳಿಗೆಯ ವಿಷಯದಲ್ಲಿ ಸಂದೇಹ ಉಳಿದರೂ ಅದೇ ಮಾತು.

ಎಲ್ಲವೂ ಸರಿ ಎಂದಾದರೆ, ಮದ್ದಿನ ವಿಷಯ. ಪರವಾನಗಿಯಲ್ಲಿ ನಮೂದಿಸಿದ ಪ್ರಮಾಣದೊಳಗೆ, ಪರವಾನಗಿಯುಳ್ಳ ಮಾರಾಟಗಾರರಿಂದ ಕೊಂಡ ಕರಿಮದ್ದನ್ನು ಮಾತ್ರ ಬಳಸಬೇಕು. ತೋಟೆ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಚಿಟಿಕೆಯಷ್ಟು ತುಂಬಿದರೂ ಇಂಥ ನಳಿಗೆ ಸೀಳಿಹೋಗಬಹುದು. ಕುಂಬಳೆ ಬೆಡಿಯಂಥ ಉತ್ಸವಗಳ ಸಮಯದಲ್ಲಿ ಪಟಾಕಿ ಮಾಡುವವರಿಂದ ಒಂದಿಷ್ಟು ಪುಡಿ ತಂದು ಕೋವಿಗೆ ಹಾಕುವವರ ಮಾತನ್ನು ನಾನು ಕೇಳಿದ್ದೇನೆ. ಅದರಲ್ಲಿ ಏನೇನು ಬೆರೆತಿದೆಯೆಂದು ತಂದವರಿಗೂ ತಿಳಿದಿರುವುದಿಲ್ಲ. ಮನೆಯಲ್ಲಿ ಮದ್ದು ಅರೆಯುವುದಂತೂ ಅಪರಾಧವೂ ಹೌದು, ಆತ್ಮಹತ್ಯೆಯೂ ಹೌದು. ಸೇನೆಯ ಎನ್‌ಫೀಲ್ಡ್ ರೈಫಲಿಗೆ ಒಂದು ಈಡಿಗೆ 68 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂ ಮದ್ದು ನಿಗದಿಯಾಗಿತ್ತು. ಅದು ಹೊಸ ಕೋವಿಯ ಲೆಕ್ಕ. ಮುದಿ ನಳಿಗೆಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಎಷ್ಟೆಂಬುದನ್ನು ನಳಿಗೆ ನೋಡಿದವರೇ ಹೇಳಬೇಕು, ಮೊದಲ ಈಡನ್ನು ಕೋವಿಯನ್ನು ಬಿಗಿದು ಕಟ್ಟಿ ದೂರದಿಂದ ಹಗ್ಗ ಎಳೆದೇ ಹಾರಿಸಬೇಕು. ‘ನಾಲ್ಕು ಬೆರಳು ಮದ್ದು’ ಎಂಬ ಹಿಂದಿನವರ ಅಳತೆಯನ್ನು ಬಿಟ್ಟುಬಿಡಿ. ನಳಿಗೆಯ ಅಗಲ ಬದಲಾದಂತೆ ನಾಲ್ಕು ಬೆರಳಿನ ಮದ್ದಿನ ತೂಕವೂ ಬದಲಾಗುತ್ತದೆ.

ತುಂಬುವಾಗ ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಈಡಿನ ಕಿಡಿಯೊಂದು ಬುಡದಲ್ಲಿ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಸಿಡಿಯುತ್ತದೆ. ಒಂದು ಈಡಿನಷ್ಟನ್ನು ಅಳತೆಯ ಬಟ್ಟಲಿಗೆ ಹಾಕಿ, ಡಬ್ಬಿ ಮುಚ್ಚಿ ದೂರವಿಟ್ಟು, ಆಮೇಲೆ ಸುರಿಯಬೇಕು. ಗುಂಡು ಮದ್ದಿನ ಮೇಲೆ ಕೂತಿರಲೇಬೇಕು. ನಡುವೆ ಗಾಳಿಯ ಜಾಗ ಉಳಿದರೆ ಅಲ್ಲಿ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಗಜದ ಮೇಲೆ ಎರಡು ಗುರುತು ಹಾಕಿಕೊಳ್ಳಿ: ಬರಿದಾದಾಗ ಎಲ್ಲಿಗೆ ಬರುತ್ತದೆ, ಸರಿಯಾಗಿ ತುಂಬಿದಾಗ ಎಲ್ಲಿಗೆ ಬರುತ್ತದೆ. ಎರಡು ಬಾರಿ ತುಂಬಿಸುವ ತಪ್ಪು ಪಳಗಿದವರಿಂದಲೂ ಆಗುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ 1863ರ ಗೆಟಿಸ್‌ಬರ್ಗ್ ಕಾಳಗದ ನಂತರ ರಣರಂಗದಲ್ಲಿ ಹೆಕ್ಕಿದ 27,000ಕ್ಕೂ ಮಿಕ್ಕಿದ ಕೋವಿಗಳಲ್ಲಿ ಸುಮಾರು 24,000 ತುಂಬಿಯೇ ಇದ್ದವೆಂದೂ, ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡುಗಳಿದ್ದವೆಂದೂ ದಾಖಲೆಯಿದೆ. ಕೇಪು ಕೂರಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸ, ಅದೂ ಗುರಿಯ ಸಾಲಿಗೆ ಬಂದು ನಿಂತ ಮೇಲೆ. ಕೇಪು ಸಿಡಿದೂ ಮದ್ದು ಹೊತ್ತದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇಲ್ಲದೆ ಹಾರಿಸಲೇಬಾರದು. ಕೇಪಿನ ತಾಮ್ರದ ಚೂರು ಮುಖಕ್ಕೆ ಹಾರುವುದು ಅಪರೂಪವಲ್ಲ.

ಹಾರಿಸಿದ ದಿನವೇ ತೊಳೆಯಬೇಕು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತಲೂ ಹೆಚ್ಚು ಭಾಗ ಲವಣಗಳ ರೂಪದಲ್ಲಿ ಘನವಾಗಿ ಉಳಿಯುತ್ತದೆ. ಅದರಲ್ಲಿ ಬಹಳಷ್ಟು ಹೊಗೆಯಾಗಿ ಹೋದರೂ ನಳಿಗೆಗೆ ಅಂಟಿದ್ದು ನಮ್ಮ ಕರಾವಳಿಯ ಗಾಳಿಯ ತೇವವನ್ನು ಹೀರಿ ಬೆಳಗಾಗುವುದರೊಳಗೆ ತುಕ್ಕು ತರಿಸುತ್ತದೆ. ಇದಕ್ಕೆ ದುಬಾರಿ ದ್ರಾವಣಗಳು ಬೇಕಿಲ್ಲ, ಬಿಸಿನೀರು ಮತ್ತು ಸಾಬೂನು ಸಾಕು. ನಳಿಗೆಯನ್ನು ಮರದಿಂದ ಬಿಡಿಸಿ, ಬುಡವನ್ನು ಬಾಲ್ದಿಯ ಬಿಸಿನೀರಿನಲ್ಲಿ ನಿಲ್ಲಿಸಿ, ಗಜದ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಎಳೆದರೆ ನಿಪ್ಪಲಿನ ತೂತಿನಿಂದ ನೀರು ತಾನಾಗಿ ಒಳಗೇರಿ ಹೊರಗಿಳಿಯುತ್ತದೆ. ಕಪ್ಪು ನೀರು ತಿಳಿಯಾಗುವ ತನಕ ನೀರು ಬದಲಿಸಿ, ಕೊನೆಗೆ ಕುದಿಯುವ ನೀರು ಹೊಯ್ದರೆ ಲೋಹ ತನ್ನ ಬಿಸಿಗೇ ಒಣಗುತ್ತದೆ. ಒಣಬಟ್ಟೆ ಹಾಯಿಸಿ ಎಣ್ಣೆ ಹಚ್ಚಿ, ಮರುದಿನ ಬಿಳಿ ಬಟ್ಟೆಯೊಂದನ್ನು ಹಾಯಿಸಿ ನೋಡಿ. ಕಂದು ಬಣ್ಣ ಬಂದರೆ ಮತ್ತೊಮ್ಮೆ ತೊಳೆಯಬೇಕು.

ನಳಿಗೆಯನ್ನು ಅಳೆಸುವುದಾದರೆ ಮೊದಲೇ ಇಲ್ಲಿ ಬರೆಯಿರಿ. ಒಳವ್ಯಾಸ ಅಳೆಯುವ ಗೇಜು ನನ್ನಲ್ಲಿದೆ, ಅದನ್ನು ಹಿಡಿದುಕೊಂಡು ನಾನೇ ನಿಮ್ಮ ಮನೆಗೆ ಬರುತ್ತೇನೆ. ಪರವಾನಗಿ ತಂದೆಯವರ ಹೆಸರಿನಲ್ಲಿರುವಾಗ ಕೋವಿ ಅಲ್ಲಿಯೇ ಇರುವುದು ಸರಿ. ಬರುವ ಮೊದಲು ನಿಪ್ಪಲಿನ ಬುಡವನ್ನು ಒಮ್ಮೆ ಒರೆಸಿಡಿ.